ರೆವಿಟ್ ಕಲಿಯಲು ಹೊರಟಿರುವ ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಮಂಗಳೂರು, ಉಡುಪಿಯ ತರಬೇತಿ ಕೇಂದ್ರಗಳಿಗೆ ಸೇರಬೇಕೇ ಅಥವಾ ಮನೆಯಲ್ಲೇ ವಿಡಿಯೊ ನೋಡಿ ರೆವಿಟ್ (ಕಟ್ಟಡದ ಮೂರು ಆಯಾಮದ ಮಾಡೆಲ್ ರಚಿಸುವ ತಂತ್ರಾಂಶ) ಕಲಿಯಬೇಕೇ ಎಂದು ಹಲವರು ಕೇಳುತ್ತಿರುವುದರಿಂದ ಈ ಸೂಚನೆ. ನಕ್ಷೆ ಬಿಡಿಸುವ ತಂತ್ರಾಂಶವಾದ ಆಟೋಕ್ಯಾಡ್‌ನಲ್ಲಿ ಗೆರೆ ಎಳೆದು ರೂಢಿಯಾದವರು ಮೊದಲು ಅರಿಯಬೇಕಾದುದೆಂದರೆ, ರೆವಿಟ್‌ನಲ್ಲಿ ನಾವು ಗೆರೆಯನ್ನಲ್ಲ, ಗೋಡೆಯನ್ನೇ ಇಡುತ್ತೇವೆ. ಪ್ಲಾನಿನಲ್ಲಿ ಒಂದು ಕಿಟಕಿಯನ್ನು ಸರಿಸಿದರೆ ಎಲಿವೇಶನ್ (ಹೊರಮೈಯ ಚಿತ್ರ), ಸೆಕ್ಷನ್ (ಕಟ್ಟಡವನ್ನು ಸೀಳಿ ತೋರಿಸುವ ಚಿತ್ರ) ಎಲ್ಲವೂ ತಾವಾಗಿಯೇ ಬದಲಾಗುತ್ತವೆ.

ಆರಂಭಕ್ಕೆ ವಿಡಿಯೊಗಳು ಸಾಕಾದರೂ, ನಿಮ್ಮ ಮಾಡೆಲ್ ತೆರೆದು ನೋಡಿ ತಪ್ಪು ತೋರಿಸುವ ಒಬ್ಬ ಶಿಕ್ಷಕರು ಇರಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಶುಲ್ಕ ಕಟ್ಟುವ ಮುನ್ನ, ಕೆಂಪುಕಲ್ಲಿನ ಗೋಡೆಗೆ ಕಲ್ಲಿನ ಮತ್ತು ಗಾರೆಯ ದಪ್ಪವನ್ನು ಬೇರೆ ಬೇರೆ ಪದರಗಳಾಗಿ ಕೊಡುವುದನ್ನೂ, ನಮ್ಮ ಮಳೆಗೆ ತಕ್ಕಂತೆ ಸೂರು ಮುಂದಕ್ಕೆ ಚಾಚಿದ ಹಂಚಿನ ಮಾಡನ್ನು ಸರಿಯಾದ ಇಳಿಜಾರಿನಲ್ಲಿ ಕೂರಿಸುವುದನ್ನೂ ಕಲಿಸುತ್ತೀರಾ ಎಂದು ದಯವಿಟ್ಟು ಕೇಳಿ. ಒಂದೇ ಸಿದ್ಧ ವಿಲ್ಲಾವನ್ನು ಎಲ್ಲರಿಂದಲೂ ಮಾಡಿಸುವ ಕಡೆ ಇದು ಸಿಗುವುದು ಕಷ್ಟ.

ಅರ್ಹ ವಿದ್ಯಾರ್ಥಿಗಳಿಗೆ ರೆವಿಟ್ ತಯಾರಿಸುವ ಆಟೋಡೆಸ್ಕ್ ಕಂಪನಿ 1 ವರ್ಷದ ಉಚಿತ ಶೈಕ್ಷಣಿಕ ಪರವಾನಗಿ ನೀಡುತ್ತದೆ; ಅದನ್ನು ನವೀಕರಿಸಬಹುದು, ಆದರೆ ಹಣ ಪಡೆಯುವ ಕೆಲಸಕ್ಕೆ ಬಳಸುವಂತಿಲ್ಲ. ರೆವಿಟ್ ವಿಂಡೋಸ್‌ಗಾಗಿಯೇ ರೂಪಿಸಿದ ತಂತ್ರಾಂಶ. ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲನ್ನು ಹಳೆಯ ಆವೃತ್ತಿ ತೆರೆಯುವುದಿಲ್ಲವಾದ್ದರಿಂದ, ಕೇಂದ್ರದಲ್ಲಿರುವ ಆವೃತ್ತಿಯನ್ನೇ ಮನೆಯ ಕಂಪ್ಯೂಟರಿಗೂ ಹಾಕಿಕೊಳ್ಳಿ.