ಮಗಳಿಗೆ: ಪರದೇಶದಲ್ಲಿ ದಾಕ್ಷಿಣ್ಯ ಬೇಡ

ಮಗಳೇ,

ಯುರೋಪಿಗೆ ಹೋಗ್ಲಿಕ್ಕೆ ಬೇಕಾದ ಷೆಂಗೆನ್ ವೀಸಾ ಬಂತು ಅಂತ ನೀನು ಹಾಕಿದ ಮೆಸೇಜ್ ನೋಡಿ ನಂಗೂ ಅಪ್ಪಂಗೂ ಆದ ಖುಷಿ ಅಷ್ಟಿಷ್ಟಲ್ಲ. ದುಬೈಲಿ ದೊಡ್ಡಪ್ಪನ ಮನೆ, ಅಲ್ಲಿಂದ ರೋಮ್, ಮತ್ತೆ ಮ್ಯೂನಿಕ್, ಅದೂ ಒಬ್ಳೇ. ಹೋಗು, ಚೆಂದ ಮಾಡಿ ನೋಡಿ ಬಾ. ನಂಗಿರುವ ಆತಂಕ ಒಂದೇ, ನಿನ್ನ ದಾಕ್ಷಿಣ್ಯದ ಸ್ವಭಾವ. ಯಾರು ಎಂತ ಕೇಳಿದ್ರೂ ಇಲ್ಲ ಅನ್ಲಿಕ್ಕೆ ನಿಂಗೆ ನಾಲಿಗೆ ಏಳುದಿಲ್ಲ, ಗೊತ್ತಿಲ್ಲದ್ದನ್ನು ಕೇಳ್ಲಿಕ್ಕೂ ಸಂಕೋಚ. ಊರಲ್ಲಿ ಅದು ನಡೀತದೆ, ಅಲ್ಲಿ ನಡೆಯುದಿಲ್ಲ.

ಮೊದಲು ಕಟ್ಟದ, ಅಂದ್ರೆ ಪಾರ್ಸೆಲಿನ ವಿಷಯ ಹೇಳ್ತೇನೆ. ನೀನು ದುಬೈಗೆ ಹೋಗುದು ಗೊತ್ತಾದ ಕೂಡ್ಲೇ ಬದಿಯಡ್ಕದಿಂದ ಕುಂಬ್ಳೆವರೆಗಿನ ನೆಂಟರು, ನೆಂಟರ ಪರಿಚಯದವರು ಎಲ್ಲ "ಒಂದು ಸಣ್ಣ ಕಟ್ಟ ಅಷ್ಟೆ, ಏರ್‌ಪೋರ್ಟಿಗೇ ಬಂದು ತಕ್ಕೊಂಡು ಹೋಗ್ತಾನೆ" ಅಂತ ಬರ್ತಾರೆ, ಗಲ್ಫಿಗೆ ಹೋಗುವವರ ಕೈಲಿ ಕಟ್ಟ ಕಳಿಸುದು ನಮ್ಮಲ್ಲಿ ಹಿಂದಿನಿಂದ ಬಂದ ಕ್ರಮ, ಕೊಡುವವರಲ್ಲಿ ಕೆಟ್ಟ ಮನಸ್ಸೂ ಇರುದಿಲ್ಲ ಹೆಚ್ಚಾಗಿ. ಆದ್ರೆ ಬ್ಯಾಗ್ ನಿನ್ನ ಹೆಸರಲ್ಲಿ ಇದ್ದ ಮೇಲೆ ಒಳಗಿರುವ ಒಂದೊಂದು ಸಾಮಾನಿಗೂ ನೀನೇ ಜವಾಬ್ದಾರಿ. "ಬಿಚ್ಚಿ ನೋಡ್ಲಿಲ್ಲ, ಪರಿಚಯದವರು ಕೊಟ್ಟದ್ದು" ಅಂದ್ರೆ ಕಸ್ಟಮ್ಸಿನವರು ಕೇಳುದಿಲ್ಲ. ಯಾರು ಬಂದ್ರೂ "ಅಮ್ಮ ಬಿಡುದಿಲ್ಲ" ಅಂತ ಹೇಳು, ನಿಷ್ಠುರ ನಂಗೇ ಬರ್ಲಿ.

ಕಟ್ಟದಲ್ಲಿ ಸಿಕ್ಕಿಹಾಕಿಸುದು ಗಾಂಜಾ ಗೀಂಜಾ ಮಾತ್ರ ಅಲ್ಲ, ಗಸಗಸೆಯೂ! ಅಫೀಮಿನ ಗಿಡದ ಬೀಜ ಅಂತ ಯುಎಇಯಲ್ಲಿ ಅದಕ್ಕೆ ನಿಷೇಧ ಉಂಟು, ಸ್ವಲ್ಪ ಇದ್ರೂ ಕೇಸ್. ನಮ್ಮಲ್ಲಿ ಅಂಟಿನುಂಡೆಗೆ ಹಾಕ್ತಾರೆ, ಕರ್ಜಿಕಾಯಿಗೆ ಹಾಕ್ತಾರೆ, ಕೆಲವರು ಮಸಾಲೆ ಹುಡಿಗೂ ಹಾಕ್ತಾರೆ. ಹಾಗಾಗಿ ದೊಡ್ಡಮ್ಮನಿಗೆ ಅಂತ ನಾನು ಮಾಡಿದ ಉಂಡೆ ಕಳಿಸುದಿಲ್ಲ, ಬಾಳೆಕಾಯಿ ಚಿಪ್ಸ್, ಹಲಸಿನ ಹಪ್ಪಳ ಸಾಕು. ಮದ್ದಿಗೂ ಹಾಗೇ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಾಮಡಾಲ್ ಇರುವ ನೋವಿನ ಮಾತ್ರೆ ಎಲ್ಲ ಅಲ್ಲಿ ನಿಯಂತ್ರಣದ ಲಿಸ್ಟಲ್ಲಿ ಉಂಟು, ಬೇಕೇ ಬೇಕು ಅಂತಾದ್ರೆ ಅಲ್ಲಿನ ಸರ್ಕಾರದ ಪರ್ಮಿಟ್ ಮೊದಲೇ ಮಾಡಿಸ್ಬೇಕು. ನಿನ್ನ ಅಲರ್ಜಿ ಮಾತ್ರೆಯನ್ನು ಸ್ಟ್ರಿಪ್ ಸಮೇತ, ಡಾಕ್ಟರ ಚೀಟಿ ಸಮೇತ ಇಟ್ಟುಕೋ, ಡಬ್ಬಿಗೆ ಬಿಡಿಸಿ ಹಾಕ್ಬೇಡ.

ಕೊಬ್ಬರಿಯೂ ಬೇಡ. ಒಣಗಿದ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹಿಡಿಯುವ ವಸ್ತು ಅಂತ ಲೆಕ್ಕ, ವಿಮಾನದವರು ತೆಗೆದು ಬಿಸಾಡ್ತಾರೆ. ತುಪ್ಪ, ಪೇಡ ದುಬೈಲೇ ಮುಗಿಸು, ಯಾಕಂದ್ರೆ ಯುರೋಪಿನ ಒಕ್ಕೂಟದ ಒಳಗೆ ಹೊರಗಿನ ಹಾಲಿನ ಪದಾರ್ಥ, ಮಾಂಸ ತರ್ಲಿಕ್ಕೇ ಇಲ್ಲ. ಕರಿಬೇವಿನ ಸೊಪ್ಪು, ವೀಳ್ಯದೆಲೆಯೂ ಸರ್ಟಿಫಿಕೇಟ್ ಇಲ್ಲದೆ ಆಗುದಿಲ್ಲ. ಸರ್ಟಿಫಿಕೇಟ್ ಇಲ್ಲದೆ ಬಿಡುದು ಐದೇ ಹಣ್ಣು, ಅನಾನಸು, ತೆಂಗಿನಕಾಯಿ, ದುರಿಯನ್, ಬಾಳೆಹಣ್ಣು, ಖರ್ಜೂರ. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರ್ಲಿ.

ದುಬೈಲಿ ದಾರಿಹೋಕರ ಫೋಟೋ ಅವರನ್ನು ಕೇಳದೆ ತೆಗಿಬೇಡ, ಅದು ಅಲ್ಲಿ ಅಪರಾಧ, ಹೆಂಗಸರದ್ದಂತೂ ಬೇಡವೇ ಬೇಡ. ಗಂಡಸರು ಅವರಾಗಿ ಕೈ ಚಾಚಿದ್ರೆ ಮಾತ್ರ ಶೇಕ್‌ಹ್ಯಾಂಡ್. ವಾಟ್ಸಾಪ್ ಕಾಲ್ ಹೋಗುದಿಲ್ಲ, ಬೋಟಿಮ್ ಅನ್ನುವ ಆ್ಯಪಲ್ಲಿ ಮಾಡು, ಅಪ್ಪನ ಫೋನಲ್ಲಿ ಉಂಟು.

ರೋಮಿನ ಬಗ್ಗೆ ನಂಗೆ ಜಾಸ್ತಿ ಹೇಳ್ಲಿಕ್ಕುಂಟು. ಸ್ಪ್ಯಾನಿಷ್ ಸ್ಟೆಪ್ಸ್ ಹತ್ರ ಹೋದ ಕೂಡ್ಲೇ ಒಬ್ಬ ನಗ್ತಾ ಬಂದು ಕೈಗೆ ಗುಲಾಬಿ ಕೊಡ್ತಾನೆ, "ಫ್ರೀ, ಗಿಫ್ಟ್" ಅಂತಾನೆ, ಇನ್ನೊಬ್ಬ "ಇಂಡಿಯಾವಾ?" ಅಂತ ಕೇಳ್ತಾ ಕೇಳ್ತಾ ಕೈಗೆ ಬಣ್ಣದ ದಾರ ಕಟ್ಟಿಯೇ ಬಿಡ್ತಾನೆ, ಗಂಟು ಬಿದ್ದ ಮೇಲೆ ದುಡ್ಡು ಕೇಳುದು, ಪಕ್ಕದಲ್ಲಿ ಇನ್ನಿಬ್ಬರು ಬಂದು ನಿಲ್ಲುದು. ನೀನು ಅಯ್ಯೋ ಪಾಪ ಅಂತ ಪರ್ಸ್ ತೆಗಿತಿಯ, ಅದೇ ಅವರಿಗೆ ಬೇಕಾದ್ದು. ಕೈ ಕೊಡ್ಲೇಬೇಡ, ಮುಖ ನೋಡದೆ "ನೋ" ಅಂತ ನಡೀತಾ ಇರು, ನಿಲ್ಬೇಡ. ಆ ಮೆಟ್ಟಿಲ ಮೇಲೆ ಕೂತ್ಕೊಳ್ಳಲೂಬಾರದು, 2019ರಿಂದ ದಂಡ ಹಾಕ್ತಾರೆ, 400 ಯುರೋವರೆಗೆ. ವ್ಯಾಟಿಕನ್ ಕಡೆ ಹೋಗುವ 64 ನಂಬರ್ ಬಸ್ಸಲ್ಲಿ, ಟರ್ಮಿನಿ ಸ್ಟೇಷನಲ್ಲಿ ಜೇಬುಗಳ್ಳರು ಜೋರು, ಬ್ಯಾಗ್ ಎದುರಿಗೆ ಹಾಕ್ಕೋ. ಸಂತ ಪೀಟರರ ಇಗರ್ಜಿಗೆ ಹೋಗುವ ದಿನ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು, ಒಂದು ಶಾಲು ಇದ್ರೆ ಒಳ್ಳೇದು. ನೀರಿಗೆ ದುಡ್ಡು ಹಾಕ್ಬೇಡ, ಬೀದಿ ಬೀದಿಲಿ ಕಬ್ಬಿಣದ ಕಂಬದಿಂದ ಕುಡಿಯುವ ನೀರು ಬೀಳ್ತಾ ಇರ್ತದೆ, ಕುಪ್ಪಿ ತುಂಬಿಸು.

ಊಟದ ವಿಷಯ. ಪಾರ್ಮೆಸಾನ್ ಚೀಸ್‌ಗೆ ಹಾಲು ಗಟ್ಟಿ ಆಗ್ಲಿಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕ್ತಾರೆ, ವೆಜ್ ಪಾಸ್ತಾ ಅಂದ್ರೂ ಮೇಲಿಂದ ಅದನ್ನೇ ಉದುರಿಸಿ ಕೊಡ್ತಾರೆ. ಮಾರಿನಾರಾ ಪಿಜ್ಜಾಕ್ಕೆ ಚೀಸೇ ಇಲ್ಲ, ಟೊಮೆಟೊ, ಬೆಳ್ಳುಳ್ಳಿ ಅಷ್ಟೆ. ತಿನ್ನುದು ಬಿಡುದು ನಿಂಗೆ ಬಿಟ್ಟದ್ದು, ನಾನು ಒತ್ತಾಯ ಮಾಡುದಿಲ್ಲ, ಆದ್ರೆ ಗೊತ್ತಿದ್ದು ತಿನ್ನು, ಎಷ್ಟು ಸಲ ಬೇಕಾದ್ರೂ ಕೇಳು, ಕೇಳಿದ್ರೆ ಅಲ್ಲಿ ಯಾರೂ ಬೇಜಾರು ಮಾಡ್ಕೊಳ್ಳುದಿಲ್ಲ.

ಮ್ಯೂನಿಕ್‌ನ ಜನ ನೇರ ಮಾತಿನವರು, ಗಟ್ಟಿ ಹೇಳಿದ್ರು ಅಂತ ಕಣ್ಣೀರು ಹಾಕ್ಬೇಡ, ನೀನೂ ನೇರ ಹೇಳು. ಸಿಗ್ನಲ್ ಕೆಂಪು ಇರುವಾಗ ರಸ್ತೆ ಖಾಲಿ ಇದ್ರೂ ದಾಟ್ಬೇಡ, ಸೈಕಲ್ ದಾರಿಲಿ ನಡಿಬೇಡ. ಭಾನುವಾರ ಅಂಗಡಿ ಬಂದ್, ಶನಿವಾರವೇ ಹಾಲು ಬ್ರೆಡ್ ತಂದಿಡು. ನೀರಿನ ಪ್ಲಾಸ್ಟಿಕ್ ಕುಪ್ಪಿ ಬಿಸಾಡ್ಬೇಡ, ಸೂಪರ್‌ಮಾರ್ಕೆಟ್ ಮೆಷಿನ್‌ಗೆ ಹಾಕಿದ್ರೆ ಕುಪ್ಪಿಗೆ 25 ಸೆಂಟ್ ವಾಪಸ್. ಬಸ್ಸಲ್ಲಿ ನಮ್ಮ ಹಾಗೆ ಕಂಡಕ್ಟರ್ ಬಂದು ಟಿಕೆಟ್ ಹರಿದು ಕೊಡುದಿಲ್ಲ, ಕಾಗದದ ಟಿಕೆಟ್ ತಕ್ಕೊಂಡ ಮೇಲೆ ಅಲ್ಲಿರುವ ಸಣ್ಣ ಮೆಷಿನ್‌ಗೆ ತೂರಿಸಿ ಸೀಲ್ ಹಾಕಿಸ್ಬೇಕು, ಇಲ್ಲದಿದ್ರೆ ದುಡ್ಡು ಕೊಟ್ಟ ಟಿಕೆಟ್ ಕೈಲಿದ್ದೂ 60 ಯುರೋ ದಂಡ. ಅರ್ಥ ಆಗದಿದ್ರೆ ಪಕ್ಕದವರ ಹತ್ರ ಕೇಳು ಮಾರಾಯ್ತಿ. ಬಸ್ಸಲ್ಲಿ ಮಲಯಾಳ, ಅಂಗಡಿಲಿ ತುಳು, ಮನೆಗೆ ಬಂದು ಕನ್ನಡ ಅಂತ ಬೆಳೆದವಳು ನೀನು, ಅಂಗಡಿಯ ಒಳಗೆ ಹೋಗುವಾಗ ನಮಸ್ಕಾರ ಅಂತ ರೋಮಲ್ಲಿ ಒಂದು ಬುವೊಂಜೋರ್ನೊ, ಮ್ಯೂನಿಕಲ್ಲಿ ಒಂದು ಗ್ರೂಸ್ ಗಾಟ್ ಹೇಳ್ಲಿಕ್ಕೆ ನಿಂಗೆ ಕಷ್ಟ ಇಲ್ಲ.

ಕಾರ್ಡ್ ಉಜ್ಜುವಾಗ ಮೆಷಿನ್ "ರೂಪಾಯಿಲಾ ಯುರೋಲಾ" ಅಂತ ಕೇಳ್ತದೆ, ಯುರೋವನ್ನೇ ಒತ್ತು, ರೂಪಾಯಿ ಒತ್ತಿದ್ರೆ ಅವರ ರೇಟಲ್ಲಿ ಜಾಸ್ತಿ ಹೋಗ್ತದೆ. ಬ್ಯಾಂಕ್ ಆ್ಯಪಲ್ಲಿ ಇಂಟರ್‌ನ್ಯಾಷನಲ್ ಆನ್ ಮಾಡಿದ್ದೀಯಾ ನೋಡು. ಒಟಿಪಿ ಊರಿನ ನಂಬರಿಗೇ ಬರುದು, ಆ ಸಿಮ್ ತೆಗಿಬೇಡ, ಎಸ್‌ಎಂಎಸ್ ಬರುವಷ್ಟು ರೋಮಿಂಗ್ ಇರ್ಲಿ. ಇನ್ಶೂರೆನ್ಸಿನ ಕಾಗದ, ಅದೇ ವೀಸಾಕ್ಕೆ ಮಾಡಿಸಿದ 30,000 ಯುರೋದ್ದು, ಪ್ರಿಂಟ್ ಹಾಕಿಟ್ಟುಕೋ, ಗಡಿಲಿ ಕೇಳಿದ್ರೆ ಫೋನ್ ತಡಕಾಡ್ಲಿಕ್ಕಿಲ್ಲ.

ಎಂತ ಆದ್ರೂ ಯುರೋಪಲ್ಲಿ 112, ದುಬೈಲಿ ಪೊಲೀಸಿಗೆ 999, ಆಂಬುಲೆನ್ಸಿಗೆ 998. ಪಾಸ್‌ಪೋರ್ಟ್ ಕಳೆದ್ರೆ ಮೊದಲು ಪೊಲೀಸ್ ರಿಪೋರ್ಟ್, ಅದನ್ನು ಹಿಡ್ಕೊಂಡು ನಮ್ಮ ಎಂಬಸಿಗೆ ಅಥವಾ ಕಾನ್ಸುಲೇಟಿಗೆ ಹೋದ್ರೆ ಊರಿಗೆ ಬರ್ಲಿಕ್ಕೆ ಎಮರ್ಜೆನ್ಸಿ ಸರ್ಟಿಫಿಕೇಟ್ ಮಾಡಿ ಕೊಡ್ತಾರೆ. ರಾತ್ರಿ ಎಷ್ಟು ಹೊತ್ತಿಗಾದ್ರೂ ನಂಗೆ ಫೋನ್ ಮಾಡು, ಅಮ್ಮನ ನಿದ್ದೆ ಹಾಳಾಗ್ತದೆ ಅಂತ ಸುಮ್ಮನಿರ್ಬೇಡ, ನನ್ನ ಹತ್ರವೂ ದಾಕ್ಷಿಣ್ಯ ಬೇಡ.

ಹೊರಡುವ ದಿನ ಬಜ್ಪೆ ಏರ್‌ಪೋರ್ಟಿಗೆ ಮೂರು ಗಂಟೆ ಮೊದಲೇ ಮುಟ್ಬೇಕು, ದಾರಿಲಿ ಎಲ್ಲಿ ಬ್ಲಾಕ್ ಆಗ್ತದೆ ಹೇಳ್ಲಿಕ್ಕಾಗುದಿಲ್ಲ, ಅಪ್ಪ ಕಾರಿಗೆ ಹೇಳಿ ಆಗಿದೆ. ಪಾಸ್‌ಪೋರ್ಟಿನ, ವೀಸಾದ ಒಂದೊಂದು ಕಾಪಿ ಇವತ್ತೇ ನಂಗೆ ಕಳಿಸು.

ನಿನ್ನ
ಅಮ್ಮ