ಊಟ ಆಯಿತೇ ಎಂದು ಕೇಳದೆ

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದಗಳು. ಕಳೆದ ಭಾನುವಾರ ಫೋನಿನಲ್ಲಿ ನೀನು, "ಅಪ್ಪಾ, ಸ್ವಲ್ಪ ದಿನ ಊಟ ಆತೇನು ಅಂತ ಕೇಳಬ್ಯಾಡ್ರಿ" ಎಂದಾಗ ನನಗೆ ಮಾತೇ ಹೊರಡಲಿಲ್ಲ. ನೀನು ಬೆಂಗಳೂರಿನ ಪಿ.ಜಿ. ಸೇರಿದ ದಿನದಿಂದ ನಮ್ಮ ಪ್ರತಿಯೊಂದು ಮಾತುಕತೆಯೂ ಆ ಪ್ರಶ್ನೆಯಿಂದಲೇ ಶುರುವಾಗಿದೆ. ಮಗಳೊಂದಿಗೆ ಮಾತು ತೆಗೆಯಲು ನನಗೆ ಬೇರೆ ದಾರಿಯೇ ಗೊತ್ತಿರಲಿಲ್ಲ ಎಂಬುದು ಫೋನ್ ಇಟ್ಟ ಮೇಲೆ ತಿಳಿಯಿತು. ಹಗಲೆಲ್ಲ ಉಪವಾಸವಿದ್ದು, ಜೊತೆಯವರು ಮಲಗಿದ ಮೇಲೆ ಹೊಟ್ಟೆ ನೋಯುವಷ್ಟು ತಿನ್ನುತ್ತೇನೆ, ತಿಂದು ಅಳುತ್ತೇನೆ, ಎರಡು ತಿಂಗಳಿಂದ ಆಪ್ತಸಮಾಲೋಚಕಿಯೊಬ್ಬರ ಬಳಿ ಹೋಗುತ್ತಿದ್ದೇನೆ ಎಂದು ನೀನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ದೀಪಾವಳಿಯಲ್ಲಿ ಊಟದ ಪಂಕ್ತಿಯಿಂದ ನೀನು ಎದ್ದು ಹೋದದ್ದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಾನು ಬರೆಯಬೇಕಾಗಿರುವುದು ನಮ್ಮ ಅಂಗಡಿಯಲ್ಲಿ ಚೀಲ ತೂಗುವ ಕಾಟಾದ ವಿಷಯ.

ನೀನಾಗ ಐದನೆಯ ತರಗತಿ. ಸಂಜೆಯ ಹೊತ್ತು, ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಶಾಲೆಯಿಂದ ಬಂದವಳೇ ಗಾಜಿನ ಭರಣಿಯಿಂದ ಶೇಂಗಾ ಚಿಕ್ಕಿ ತೆಗೆದುಕೊಂಡೆ. "ಬಾ, ನಿನ್ನ ತೂಕ ನೋಡೋಣ" ಎಂದು ನಾನು ಕರೆದೆ. ಆಟವೆಂದು ತಿಳಿದು ನೀನು ಚಪ್ಪಲಿ ಬಿಟ್ಟು, ಅಕ್ಕಿ ಚೀಲ ತೂಗುವ ಕಬ್ಬಿಣದ ಹಲಗೆಯ ಮೇಲೆ ನಗುತ್ತಲೇ ಹತ್ತಿ ನಿಂತೆ. ದಂಡ ಸಮವಾಗಿ ನಿಲ್ಲುವವರೆಗೆ ನಾನು ಗುಂಡನ್ನು ಒಂದೊಂದೇ ಗೆರೆ ಸರಿಸಿ, "48 ಕಿಲೋ! ಒಂದು ಚೀಲಕ್ಕೆ ಎರಡೇ ಕಿಲೋ ಕಡಿಮೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ನೀನು ಕೆಳಗಿಳಿದು, ಎಡಬಲ ನೋಡದೆ ಚಪ್ಪಲಿ ಮೆಟ್ಟಿಕೊಂಡು ಒಳಗೆ ಹೋದೆ. ಚಿಕ್ಕಿ ಆ ಹಲಗೆಯ ಮೇಲೆಯೇ ಉಳಿದಿತ್ತು. ಅದನ್ನು ಒರೆಸಿ ನಾನು ಮತ್ತೆ ಭರಣಿಗೆ ಹಾಕಿದೆ.

ಆ ರಾತ್ರಿ ನೀನು ಒಂದೇ ರೊಟ್ಟಿಗೆ ಎದ್ದೆ, ನನಗೆ ಸಂತೋಷವಾಯಿತು. ಮಗಳಿಗೆ ತಿಳಿವಳಿಕೆ ಬಂತು ಎಂದು ನಿನ್ನ ಅವ್ವನಿಗೆ ಹೇಳಿದೆ. ಈಗ ಪ್ರತಿದಿನ ಬೆಳಿಗ್ಗೆ ಅದೇ ಕಾಟಾದ ಮೇಲೆ ಮೊದಲ ಚೀಲ ಇಡುವಾಗ, ಗುಂಡು ಸರಿಸಿದ ನನ್ನ ಕೈ ಕಣ್ಣಿಗೆ ಕಟ್ಟುತ್ತದೆ. ತೂಕ ತಿಳಿಯಬೇಕಾಗಿದ್ದರೆ ಬೇಗ ನೋಡಿ ಇಳಿಸಬಹುದಿತ್ತು. ಅಷ್ಟು ನಿಧಾನವಾಗಿ ಸರಿಸಿದ್ದು ಗಿರಾಕಿಗಳು ಕಾಯಲಿ ಎಂದು. ಅಂದು ನಕ್ಕವರಲ್ಲಿ ಇಬ್ಬರು ಈಗ ಬದುಕಿಲ್ಲ, ಉಳಿದವರಿಗೆ ಆ ಸಂಜೆಯ ನೆನಪೂ ಇರಲಾರದು. ನಿನಗೆ ನೆನಪಿದೆಯೇ ಎಂದು ಇಷ್ಟು ವರ್ಷ ಕೇಳುವ ಧೈರ್ಯ ನನಗಾಗಲಿಲ್ಲ, ಮತ್ತು ಇಂದಿಗೂ ಆ ಚಿಕ್ಕಿಯನ್ನು ನಿನ್ನ ಕೈಗೆ ಕೊಡದೆ ಭರಣಿಗೆ ಏಕೆ ಹಾಕಿದೆ ಎಂಬುದು ನನಗೆ ಅರ್ಥವಾಗಿಲ್ಲ.

1972ರ ಬರದಲ್ಲಿ ನನಗೆ ಏಳು ವರ್ಷ. ಹೊಲದಲ್ಲಿ ಜೋಳ ಕೈಕೊಟ್ಟು ರೇಷನ್ನಿನ ಧಾನ್ಯಕ್ಕೆ ಸಾಲು ನಿಂತ ಕಾಲವದು. ತಾಟಿನಲ್ಲಿ ಒಂದು ತುಣುಕು ಉಳಿದರೂ ಅಜ್ಜಿ ಎದುರಿಗೇ ಕುಳಿತು ತಿನ್ನಿಸುತ್ತಿದ್ದರು. ಅವರು ಹಾಗೆ ಮಾಡಿದ್ದಕ್ಕೆ ಕಾರಣವಿತ್ತು. ಅಂಗಡಿ ತುಂಬ ಅಕ್ಕಿ, ಬೆಲ್ಲ, ಶೇಂಗಾ ಇಟ್ಟುಕೊಂಡ ನಾನು ಅದನ್ನೇ ನಿನ್ನ ಮೇಲೆ ಹೇರಿದೆ: ತಾಟಿನಲ್ಲಿ ಬಿಡಬೇಡ ಎಂದು ಗದರಿಸಿದ ಬಾಯಿಂದಲೇ ಇಷ್ಟೊಂದು ತಿನ್ನಬೇಡ ಎಂದೂ ಅಂದೆ. ಪಾಸಾದಾಗ ಪೇಡೆ, ಅತ್ತಾಗ ಬಿಸ್ಕಿಟು. ನಿನ್ನನ್ನು ಬೈದ ದಿನ, ತಪ್ಪಾಯಿತು ಎನ್ನಲು ಬಾಯಿ ಬಾರದೆ, ಏನಾದರೂ ಸಿಹಿ ತಂದು ನಿನ್ನ ಪುಸ್ತಕದ ಪಕ್ಕ ಇಟ್ಟು ಹೋಗುತ್ತಿದ್ದೆ. ದುಃಖವಾದಾಗ ನಿನ್ನ ಕೈ ತಿಂಡಿಯ ಡಬ್ಬಿಗೆ ಹೋಗುವುದನ್ನು ಯಾರು ಕಲಿಸಿದರೆಂದು ನಾನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ.

ನೀನು ಹೇಳಿದ ಮೇಲೆ ನಾನೂ ಸ್ವಲ್ಪ ಓದಿದೆ. 1944ರ ನವೆಂಬರಿನಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ತಾವಾಗಿ ಒಪ್ಪಿ ಬಂದ 36 ಆರೋಗ್ಯವಂತ ಯುವಕರ ಮೇಲೆ ಒಂದು ಪ್ರಯೋಗ ಆರಂಭಿಸಿ, ಅದರಲ್ಲಿ 24 ವಾರಗಳ ಕಾಲ ಅವರನ್ನು ಅರೆಹೊಟ್ಟೆಯಲ್ಲಿ ಇಟ್ಟರಂತೆ. ಅವರಿಗೆ ಊಟದ ಹೊರತು ಬೇರೆ ಯೋಚನೆಯೇ ಉಳಿಯದೆ, ಕೆಲವರು ಅಡುಗೆ ಪುಸ್ತಕಗಳನ್ನು ಓದುತ್ತ ಕೂರುತ್ತಿದ್ದರು. ನಿರ್ಬಂಧ ತೆಗೆದ ಮೇಲೆ ಕೆಲವರು ಎಷ್ಟು ತಿಂದರೂ ತೃಪ್ತಿಯಾಗಲಿಲ್ಲ ಎಂದರು. ಅವರಿಗೆ ಮನೋಬಲವಿರಲಿಲ್ಲ ಎಂದು ಯಾರೂ ಹೇಳಲಾರರು. ಹಗಲು ನೀನು ದೇಹಕ್ಕೆ ಕೊಡದೆ ಉಳಿಸಿದ್ದನ್ನು ಅದು ರಾತ್ರಿ ಕೇಳಿ ಪಡೆಯುತ್ತಿದೆ ಎಂದು ನನಗೆ ತೋರುತ್ತದೆ. ಅದನ್ನು ನಾನು ನಾಲಗೆಯ ಚಪಲವೆಂದು ಕರೆದದ್ದು ತಪ್ಪು. ಆದ್ದರಿಂದ ಬೆಳಗಿನ ತಿಂಡಿಯನ್ನು ಮಾತ್ರ ತಪ್ಪಿಸಬೇಡ, ರಾತ್ರಿ ಏನಾಗಿದ್ದರೂ ಮರುದಿನ ಉಪವಾಸ ಮಾಡಿ ಸರಿದೂಗಿಸಲು ಹೋಗಬೇಡ, ಸಮಾಲೋಚಕಿ ಹೇಳಿದಂತೆ ನಡೆದುಕೋ. ನಡುರಾತ್ರಿ ತಡೆಯಲಾಗದಷ್ಟು ದುಃಖವಾದರೆ, ನನಗೆ ಫೋನ್ ಮಾಡಲು ಮನಸ್ಸು ಬಾರದಿದ್ದರೆ, 14416ಕ್ಕೆ ಮಾಡು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು, ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಾಗಿಲ್ಲ. ಉಪದೇಶ ಮಾಡುವುದಿಲ್ಲವೆಂದು ನಿಶ್ಚಯಿಸಿಕೊಂಡೇ ಬರೆಯಲು ಕುಳಿತಿದ್ದೆ, ಆದರೂ ಇಷ್ಟಾಯಿತು. ಭಯ ನನ್ನಿಂದ ಹೀಗೆ ಬರೆಸುತ್ತದೆ, ಕ್ಷಮಿಸು.

ನೀನು ನಿನ್ನಷ್ಟಕ್ಕೆ ಹೋಗಿ ಸಹಾಯ ಕೇಳಿದ್ದೀ. ನನ್ನ ಇಡೀ ಆಯುಷ್ಯದಲ್ಲಿ ನಾನು ಯಾರ ಮುಂದೆಯೂ ನನ್ನ ಸಂಕಟ ಹೇಳಿಕೊಂಡವನಲ್ಲ, ಹಾಗಾಗಿ ಅದಕ್ಕೆ ಎಷ್ಟು ಎದೆಗಾರಿಕೆ ಬೇಕೆಂದು ನನಗೆ ಗೊತ್ತು. ಸಮಾಲೋಚನೆಯ ಶುಲ್ಕವನ್ನು ಪ್ರತಿ ತಿಂಗಳು ನಾನು ಕಳಿಸುತ್ತೇನೆ, ಬೇಡವೆನ್ನಬೇಡ.

ಎಳ್ಳು ಅಮವಾಸ್ಯೆಗೆ ಚರಗ ಚೆಲ್ಲಲು ಎಂದಿನಂತೆ ಹೊಲಕ್ಕೆ ಹೋಗುತ್ತೇವೆ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಎಲ್ಲವೂ ಇರುತ್ತವೆ. ನೀನು ಬಂದರೆ ನಿನಗೆ ಬೇಕಾದ್ದನ್ನು ನೀನೇ ಬಡಿಸಿಕೋ; ಹೋಳಿಗೆ ಮುಟ್ಟದಿದ್ದರೂ, ಮೂರು ತಿಂದರೂ ಯಾರೂ ತುಟಿ ಬಿಚ್ಚಬಾರದೆಂದು ನಿನ್ನ ಅತ್ತೆಗೆ ಈಗಲೇ ಹೇಳಿದ್ದೇನೆ.

ಅವ್ವ ನಿನಗೆಂದು ಶೇಂಗಾ ಚಟ್ನಿಪುಡಿ ಕುಟ್ಟಿ ಡಬ್ಬಿಗೆ ತುಂಬಿಟ್ಟಿದ್ದಾಳೆ. ಬಸ್ಸಿಗೆ ಪಾರ್ಸೆಲ್ ಹಾಕಲೋ ಬೇಡವೋ, ನೀನೇ ತಿಳಿಸು. ಬೇಡವೆಂದರೆ ಏಕೆಂದು ಕೇಳುವುದಿಲ್ಲ.

ನಿನ್ನ ಅಪ್ಪ