ಬಿಚ್ಚಿಸುವ ಮೊದಲು ಅಳೆದು ನೋಡು

ಪುಟ್ಟೀ,

ನಿನ್ನ ಹಳೇ ಚೇತಕ್ ಸ್ಕೂಟರ್ ಹೊಗೆ ಉಗುಳುವುದರ ಬಗ್ಗೆ ನೀನು ಕಳಿಸಿದ ವಿಡಿಯೋ ನೋಡಿದೆ. ಹೊಗೆಯ ಬಣ್ಣ ಫೋನಿನಲ್ಲಿ ಸರಿಯಾಗಿ ತಿಳಿಯಲಿಲ್ಲ, ಆದರೆ ಗಾಡಿ ಕಾದ ಮೇಲೂ ಅದು ತೆಳುವಾಗಲಿಲ್ಲ ಅನ್ನುವುದು ಕಂಡಿತು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ನಿಮಿಷ ನೀಲಿ ಹೊಗೆ ಬಂದರೆ ಹಳೇ ಚೇತಕ್‌ಗೆ ಅದು ಕಾಯಿಲೆಯಲ್ಲ. ನಿನ್ನದು ಅದಕ್ಕಿಂತ ಜಾಸ್ತಿ. ಹಾಗಂತ ಮೆಕ್ಯಾನಿಕ್ ಹೇಳಿದ ರೀಬೋರಿಗೆ (ಸವೆದ ಸಿಲಿಂಡರ್ ಕೊರೆದು ಹೊಸ ಪಿಸ್ಟನ್, ರಿಂಗ್ ಹಾಕುವುದಕ್ಕೆ) ಈಗಲೇ ಹೂಂ ಅನ್ನಬೇಡ.

ಫೋರ್ ಸ್ಟ್ರೋಕ್ ಗಾಡಿಯಲ್ಲಿ ಪಿಸ್ಟನ್ ಸುತ್ತಲಿನ ರಿಂಗ್ ಸವೆದರೆ ಕೆಳಗಿನ ಆಯಿಲ್ ಮೇಲೇರಿ ಸುಟ್ಟು ಹೊಗೆಯಾಗುತ್ತದೆ. ನಿನ್ನದು 145 ಸಿಸಿ ಟೂ ಸ್ಟ್ರೋಕ್. ಪಿಸ್ಟನ್ ಕೆಳಗೆ ಆಯಿಲ್ ನಿಂತಿರುವುದೇ ಇಲ್ಲ, ಪೆಟ್ರೋಲ್ ಜೊತೆ ಬಂದದ್ದಷ್ಟೇ. ರಿಂಗ್ ಹೋದರೆ ಕಿಕ್ ಸಡಿಲಾಗುತ್ತದೆ, ಬಿಸಿ ಇಂಜಿನ್ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಏರಿನಲ್ಲಿ ಉಸಿರು ಬಿಡುತ್ತದೆ. ಬೀದಿ ತುಂಬ ಹೊಗೆ ಬರಬೇಕಾದರೆ ಹೆಚ್ಚಿನ ಆಯಿಲ್ ಎಲ್ಲಿಂದಲೋ ಒಳಗೆ ಹೋಗುತ್ತಿರಬೇಕು. ದಾರಿ ಎರಡೇ: ಟ್ಯಾಂಕು, ಇಲ್ಲವೇ ಗೇರ್‌ಬಾಕ್ಸು.

ಟ್ಯಾಂಕಿನದು ಸುಲಭ. ಲೀಟರಿಗೆ 20 ಮಿ.ಲೀ. 2ಟಿ (ಟೂ ಸ್ಟ್ರೋಕಿನ) ಆಯಿಲ್, ಅಳೆದು ಹಾಕು. "ಇರಲಿ ಬಿಡಿ" ಅಂತ ಇನ್ನೊಂದು ಮುಚ್ಚಳ ಸುರಿಯುವವರಿಂದಲೇ ಅರ್ಧ ಹೊಗೆ. ಹೊಗೆ ಕಪ್ಪಗಿದ್ದು ಪ್ಲಗ್ ಮೇಲೆ ಒಣ ಮಸಿ ಕೂತಿದ್ದರೆ ಅದು ಪೆಟ್ರೋಲ್ ಹೆಚ್ಚಾದ ಲಕ್ಷಣ. ಚೋಕ್ ಪೂರ್ತಿ ಹಿಂದೆ ಹೋಗುತ್ತಿದೆಯೇ, ಏರ್ ಫಿಲ್ಟರ್ ಕಟ್ಟಿದೆಯೇ ನೋಡು.

ಗೇರ್‌ಬಾಕ್ಸಿನದು ಕಣ್ಣಿಗೆ ಕಾಣದ ಕಳ್ಳ. ಪಿಸ್ಟನ್ ಕೆಳಗೆ ತಿರುಗುವ ದಂಡವೇ ಕ್ರ್ಯಾಂಕ್. ಅದರ ಮನೆಗೂ ಗೇರ್ ಮನೆಗೂ ನಡುವೆ ಒಂದೇ ಗೋಡೆ, ಅದರಲ್ಲಿ ಕ್ರ್ಯಾಂಕ್ ಹಾಯುವ ತೂತಿಗೆ ಕ್ಲಚ್ ಕಡೆಯ ಆಯಿಲ್ ಸೀಲ್. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅದರ ರಬ್ಬರ್ ತುಟಿ ಗಟ್ಟಿಯಾಗಿ ಸೀಳುತ್ತದೆ. ಪಿಸ್ಟನ್ ಮೇಲೇರುವಾಗ ಕ್ರ್ಯಾಂಕ್ ಮನೆ ಗಾಳಿ ಎಳೆಯುತ್ತದಲ್ಲ, ಆಗ ಗೇರ್ ಆಯಿಲನ್ನೂ ಎಳೆದುಕೊಳ್ಳುತ್ತದೆ. ಹೊಗೆ ದಪ್ಪ, ಬಿಳಿ-ನೀಲಿ, ಪ್ಲಗ್ ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗೆ.

ಇದನ್ನು ಊಹಿಸಬೇಕಾಗಿಲ್ಲ, ಅಳೆಯಬಹುದು. ಗಾಡಿ ಓಡಿಸಿ ಬೆಚ್ಚಗಾದಾಗ ಸೆಂಟರ್ ಸ್ಟ್ಯಾಂಡ್ ಹಾಕಿ, ಕೆಳಗಿನ ಬೋಲ್ಟ್ ಬಿಚ್ಚಿ ಗೇರ್ ಆಯಿಲ್ ಪೂರ್ತಿ ಇಳಿಸು. ಹೊಸ ವಾಷರ್ ಹಾಕಿ ಬೋಲ್ಟ್ ಕೂರಿಸು. ಕೇಸು ಅಲ್ಯೂಮಿನಿಯಂ, ಬಲ ಹೆಚ್ಚಾದರೆ ಥ್ರೆಡ್ ಹೋಗುತ್ತದೆ. 30 ಗ್ರೇಡಿನ ಆಯಿಲ್ 250 ಮಿ.ಲೀ. ಅಳೆದು ಹಾಕು. 100 ಕಿ.ಮೀ. ಓಡಿಸಿ, ಮತ್ತೆ ಬೆಚ್ಚಗಿದ್ದಾಗಲೇ ಅದೇ ಅಳತೆಯ ಲೋಟಕ್ಕೆ ಇಳಿಸು. ಹತ್ತು ಹದಿನೈದು ಮಿ.ಲೀ. ಒಳಗೆ ಅಂಟಿಕೊಳ್ಳುವುದು ಸಹಜ. ಹೊರಗೆಲ್ಲೂ ಸೋರದೆ 200ಕ್ಕೆ ಇಳಿದಿದ್ದರೆ ಸೀಲೇ ಕುಡಿದಿದೆ.

ಕೆಲವು ಸಲ ಕಡಿಮೆಯಾಗುವ ಬದಲು ಜಾಸ್ತಿಯಾಗಿ, ನೀರಿನಂತೆ ತೆಳ್ಳಗಾಗಿ ಪೆಟ್ರೋಲ್ ವಾಸನೆ ಹೊಡೆಯುತ್ತದೆ. ಪಿಸ್ಟನ್ ಇಳಿಯುವಾಗಿನ ಒತ್ತಡ ಅದೇ ಸೀಲಿನಿಂದ ಪೆಟ್ರೋಲನ್ನು ಆ ಕಡೆ ತಳ್ಳಿರಬಹುದು, ಅಥವಾ ಪೆಟ್ರೋಲ್ ಕಾಕ್ (ಟ್ಯಾಂಕಿನ ನಲ್ಲಿ) ರಾತ್ರಿಯಿಡೀ ಜಿನುಗಿ ಕಾರ್ಬ್ಯುರೇಟರ್ ಮೂಲಕ ಒಳಗಿಳಿದಿರಬಹುದು. ಅದಕ್ಕೇ ಗಾಡಿ ನಿಲ್ಲಿಸಿದಾಗಲೆಲ್ಲ ಕಾಕ್ ಮುಚ್ಚು ಅನ್ನುವುದು.

ಇನ್ನೂ ಖಾತ್ರಿ ಬೇಕೆಂದರೆ ಒತ್ತಡದ ಪರೀಕ್ಷೆ ಮಾಡಿಸು. ಸೈಲೆನ್ಸರ್, ಕಾರ್ಬ್ಯುರೇಟರ್ ತೆಗೆದು ಎರಡೂ ಬಾಯಿಗೆ ರಬ್ಬರ್ ಹಾಳೆ ಬಿಗಿದು, ಪಿಸ್ಟನ್ ಪೂರ್ತಿ ಕೆಳಗಿಟ್ಟು, ಪಿಂಗಾಣಿ ಒಡೆದು ಕೊಳವೆ ಕೂರಿಸಿದ ಹಳೇ ಪ್ಲಗ್ ಮೂಲಕ ಗಾಳಿ ತುಂಬಬೇಕು. ಪಂಪಿಗೆ ನಮ್ಮ ಮನೆಯ ಬಿಪಿ ಮೆಷಿನ್ನಿನ ಬಲ್ಬ್ ಸಾಕು: ಅದರ ಮೀಟರಿನಲ್ಲಿ 300 ಅಂದರೆ ಹೆಚ್ಚುಕಡಿಮೆ 6 ಪಿಎಸ್‌ಐ. ಆರು ನಿಮಿಷ ಮುಳ್ಳು ಅಲ್ಲಾಡದೆ ನಿಂತರೆ ಸೀಲುಗಳು ಸರಿ. ಇಳಿದರೆ ಗೇರ್ ಆಯಿಲ್ ಹಾಕುವ ತೂತಿನ ಬಾಯಿಗೆ ಸೋಪಿನ ನೊರೆ ಹಚ್ಚು. ಗುಳ್ಳೆ ಉಬ್ಬಿತೋ, ಕ್ಲಚ್ ಕಡೆಯ ಸೀಲೇ.

ಇನ್ನು ಗಾಡಿ ನಿಂತ ಜಾಗದಲ್ಲಿ ನೆಲದ ಮೇಲೆ ಬಿದ್ದ ಕಲೆ. ಬೆರಳಿನಲ್ಲಿ ಮುಟ್ಟಿ ನೋಡು. ತಣ್ಣಗೆ ಅನ್ನಿಸಿ ಬೇಗ ಆರಿ ತೆಳು ಜಿಡ್ಡು ಉಳಿದರೆ ಪೆಟ್ರೋಲ್ ಮಿಶ್ರಣ, ಕಾರ್ಬ್ಯುರೇಟರ್ ಕಡೆಯದು. ದಪ್ಪಗೆ ಜಾರಿದರೆ ಗೇರ್ ಆಯಿಲ್. ಸೈಲೆನ್ಸರ್ ಜಾಯಿಂಟಿನಲ್ಲಿ ಡಾಂಬರಿನಂಥ ಕಪ್ಪು ಹನಿಯಿದ್ದರೆ ಅದು ಸುಡದೆ ಉಳಿದ 2ಟಿ, ಒರೆಸಿಬಿಡು. ಗೇರ್ ಆಯಿಲ್ ಎಲ್ಲಿಂದ ಅಂತ ತಿಳಿಯಲು ಇಂಜಿನ್ ತಳವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಮುಖದ ಪೌಡರ್ ಉದುರಿಸಿ ಹತ್ತು ನಿಮಿಷ ಓಡಿಸು. ಪೌಡರ್ ಮೊದಲು ಒದ್ದೆಯಾದ ಜಾಗದಿಂದ ಗೆರೆ ಮೇಲಕ್ಕೆ ಹಿಡಿದು ಹೋಗು: ಕಿಕ್ ಶಾಫ್ಟು, ಗೇರ್ ಕೇಬಲ್ ಸೇರುವ ಡಬ್ಬಿ, ಕ್ಲಚ್ ಕವರ್, ಯಾವುದಾದರೊಂದು ಸಿಗುತ್ತದೆ. ಇವೆಲ್ಲ ಓ-ರಿಂಗು, ಗ್ಯಾಸ್ಕೆಟ್ಟಿನ ಕೆಲಸ, ಅವಸರವಿಲ್ಲ.

ಹಿಂದಿನ ಚಕ್ರದ ಡ್ರಮ್ಮಿನೊಳಗೆ ಎಣ್ಣೆ ಕಂಡರೆ ಮಾತ್ರ ಗಾಡಿ ಅಲ್ಲೇ ನಿಲ್ಲಿಸು. ಆಕ್ಸಲ್ ಸೀಲ್ ಹೋಗಿ ಬ್ರೇಕ್ ಶೂ ನೆನೆದಿರುತ್ತದೆ. ಶೂ ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಲು ಒಪ್ಪಬೇಡ, ಬಿಸಿಯಾದಾಗ ಹೀರಿದ ಎಣ್ಣೆ ಮತ್ತೆ ಹೊರಬರುತ್ತದೆ.

ಕ್ಲಚ್ ಕಡೆಯ ಸೀಲಿಗೆ ಇಂಜಿನ್ ಇಳಿಸಿ ಕೇಸು ಎರಡು ಹೋಳು ಮಾಡಲೇಬೇಕು. ಅಷ್ಟು ಕೂಲಿ ಕೊಡುವಾಗ ಮ್ಯಾಗ್ನೆಟ್ ಕಡೆಯ (ಕ್ರ್ಯಾಂಕಿನ ಇನ್ನೊಂದು ತುದಿಯ) ಸೀಲು, ಕ್ರ್ಯಾಂಕ್ ಬೇರಿಂಗು, ಗ್ಯಾಸ್ಕೆಟ್ ಸೆಟ್ಟು ಒಟ್ಟಿಗೇ ಹಾಕಿಸು. ಈಗಿನ ಎಥೆನಾಲ್ ಬೆರೆತ ಪೆಟ್ರೋಲಿಗೆ ವೈಟಾನ್ (ಪೆಟ್ರೋಲ್ ತಡೆಯುವ ರಬ್ಬರ್) ಸೀಲ್ ಸಿಕ್ಕರೆ ಅದೇ ಇರಲಿ. ಮ್ಯಾಗ್ನೆಟ್ ತೆಗೆಯಲು ಪುಲ್ಲರ್ (ಎಳೆದು ಬಿಡಿಸುವ ಸಲಕರಣೆ) ಇದೆಯೇ ಅಂತ ಮೊದಲೇ ಕೇಳು, ಸುತ್ತಿಗೆ ಎತ್ತಿದರೆ ಗಾಡಿ ವಾಪಸ್ ತಾ. ಸೀಲ್ ಬದಲಿಸಿದ ಮೇಲೂ ಸೈಲೆನ್ಸರಿನಲ್ಲಿ ಉಳಿದ ಆಯಿಲ್ ಸುಟ್ಟು ಹೋಗುವ ತನಕ ಹಲವು ಕಿಲೋಮೀಟರ್ ಹೊಗೆ ಬರುತ್ತದೆ, ಗಾಬರಿಯಾಗಬೇಡ.

ಇಳಿಸಿದ ಆಯಿಲ್ ಚೆಲ್ಲಬೇಡ. ಬಾಟಲಿಗೆ ಹಾಕಿ ಊರಿಗೆ ಬರುವಾಗ ತಾ, ಮೂಸಿ ನೋಡಿ ಹೇಳುತ್ತೇನೆ.

ನಿನ್ನ ಅಮ್ಮ